ವಯಸ್ಸಿನ ಗೆರೆಯೂ ಮನೆಯ ಹಿರಿಯ ಮಗಳೂ

ಮಕ್ಕಳನ್ನು ವಯಸ್ಸಿನ ಪ್ರಕಾರ ಬೇರೆ ಬೇರೆ ಗುಂಪುಗಳಲ್ಲಿ ಕೂಡ್ರಿಸುವದು ಯೋಗ್ಯವೋ ಅಲ್ಲವೋ ಎಂಬ ವಿಷಯದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ನಾಲ್ಕು ಮಾತು ಬಿನ್ನವಿಸಬೇಕೆಂದು ಮನಸ್ಸು ಮಾಡಿರುವೆವು. ಇದು ಮಾಸ್ತರರ ಗೊಡವೆ, ನಮಗೇನು ಎಂದು ಯಾರೂ ಹಾಳೆ ತಿರುವದಿರಲಿ. ಯಾಕಂದರೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಈ ನಾಲ್ಕು ಸೀಮೆಗಳಲ್ಲಿ ಆ ಗೆರೆಯು ಎಲ್ಲಿ ಬೀಳುವದೋ ಅದರ ಮೇಲೆ ಎಷ್ಟೋ ಮನೆಗಳ ಹಿರಿಯ ಮಗಳ ವಿದ್ಯೆಯು ನಿಂತಿರುವದು.

ಪರದೇಶಗಳಲ್ಲಿ ಸ್ಥಿತಿವಂತರು ವಿಹಾರಾರ್ಥವಾಗಿ ತಿರುಗುವ ದೊಡ್ಡ ಹಡಗುಗಳುಂಟು. ಅವುಗಳಲ್ಲಿ ಮಕ್ಕಳಿಗೆಂದೇ ಆಟದ ಮಂಡಳಿಗಳಿರುವವು. ಕಾರ್ನಿವಲ್ ಎಂಬ ಕಂಪನಿಯವರು 2ರಿಂದ 5, 6ರಿಂದ 8, 9ರಿಂದ 11, 12ರಿಂದ 14, 15ರಿಂದ 17 ವರ್ಷಗಳವರೆಂದು ಮಕ್ಕಳನ್ನು ಐದು ಪಾಲು ಮಾಡಿ, ಒಂದೊಂದು ಪಾಲಿಗೆ ತಕ್ಕ ಆಟಗಳನ್ನು ಗೊತ್ತುಪಡಿಸಿದರು. ಚಿಕ್ಕವರು ದೊಡ್ಡವರ ಕಾಲಿಗೆ ಸಿಕ್ಕಿ ಬೀಳುವದಿಲ್ಲ, ದೊಡ್ಡವರು ಬೇಸರಪಡುವದಿಲ್ಲ, ಏರ್ಪಾಡು ಚೆನ್ನಾದದ್ದೇ. ಎರಡು ತುಂಬದ ಕೂಸು ಮಾತ್ರ ಆ ಐದರಲ್ಲಿ ಯಾವದಕ್ಕೂ ಸೇರದೆ ತಾಯಿತಂದೆಗಳ ಬಳಿಯಲ್ಲುಳಿಯುವದು. ಹಡಗಿನ ಮೇಲೆ ಅದರಿಂದ ಯಾರಿಗೂ ಹಾನಿಯಿಲ್ಲ. ತಾಯಿಯು ಅಲ್ಲಿಗೆ ಬಂದದ್ದು ವಿಶ್ರಾಂತಿಗಾಗಿ. ಹೊಲಕ್ಕೆ ಹೋಗತಕ್ಕ ಕೆಲಸ ಅವಳಿಗಿಲ್ಲ.

ನಮ್ಮ ಕಡೆಯ ಸ್ಥಿತಿಯನ್ನು ನೋಡಿರಿ. 1975ನೆಯ ಇಸವಿ ಅಕ್ಟೋಬರ 2ರಂದು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಅವುಗಳಲ್ಲಿ ನಮ್ಮ ರಾಜ್ಯದ ತಿರುಮಕೂಡಲು ನರಸೀಪುರವೂ ಒಂದು. ಈಗ ಊರೂರಿಗೂ ಅಂಗನವಾಡಿಯಿರುವದು. ಆದರೆ ಅಲ್ಲಿ ಕುಳಿತು ಹಾಡಿ ಆಡುವ ಮಕ್ಕಳು 3ರಿಂದ 6 ವರ್ಷದವರು. ಅದಕ್ಕೂ ಚಿಕ್ಕ ಕೂಸಿಗೆ ಪೌಷ್ಟಿಕ ಆಹಾರದ ಪೊಟ್ಟಣ ಸಿಕ್ಕುವದು, ತೂಕ ನೋಡುವರು, ಲಸಿಕೆಯ ದಿನವನ್ನು ತಿಳಿಸುವರು. ಅಷ್ಟಾದ ಮೇಲೆ ಕೂಸು ಮನೆಗೇ ಹಿಂದಿರುಗುವದು. ಮನೆಯಲ್ಲಿ ಯಾರಿರುವರು? ತಾಯಿಯು ಇಂಡಿಯ ಕಡೆ ನಿಂಬೆಯ ತೋಟಕ್ಕೆ, ಸಿಂದಗಿಯ ಕಡೆ ಹತ್ತಿ ಬಿಡಿಸಲಿಕ್ಕೆ, ಮುದ್ದೇಬಿಹಾಳ ಬಾಗೇವಾಡಿಗಳ ಕಡೆ ತೊಗರಿಯ ರಾಶಿಗೆ ಮುಂಜಾನೆಯೇ ಹೊರಟಿರುವಳು. ಅಜ್ಜಿಯಿದ್ದ ಮನೆಯು ಭಾಗ್ಯದ ಮನೆ. ಇಲ್ಲವಾದರೆ ಕೂಸು ಅಕ್ಕನ ಬಗಲಿಗೆ. ಹಾಜರಿ ಪುಸ್ತಕದಲ್ಲಿ ಅಕ್ಕನ ಹೆಸರಿರುವದು, ಬೆಂಚಿನ ಮೇಲೆ ಅಕ್ಕನಿಲ್ಲ. ಅಣ್ಣನಿದ್ದರೆ ಅವನ ಬಗಲಿಗೆ ಕೂಸನ್ನು ಕೊಡುವ ಮನೆಗಳು ಬಹಳ ವಿರಳವೆಂಬದನ್ನು ಓದುವ ತಾಯಂದಿರು ಬಲ್ಲರು.

ಕೆಲವು ದಯಾಳುಗಳಾದ ಶಿಕ್ಷಕರು ಕೂಸಿನೊಡನೆ ಬಂದ ಹುಡುಗಿಯನ್ನು ವರ್ಗದೊಳಗೆ ಕೂಡ್ರಿಸಿಕೊಳ್ಳುವರು. ಬಾಗಿಲಿಂದ ಹಿಂದಕ್ಕೆ ಕಳಿಸುವವರಿಗಿಂತ ಇವರು ಸಾವಿರ ಪಾಲು ಮೇಲು. ಆದಾಗ್ಯೂ ಅಳುವ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಭಿನ್ನರಾಶಿಯ ಲೆಕ್ಕವನ್ನು ಬಿಡಿಸಿದ ಹುಡುಗಿಯನ್ನು ನಾವಂತೂ ಕಂಡಿಲ್ಲ. ಆದ್ದರಿಂದ ವಯಸ್ಸಿನಂತೆ ಮಕ್ಕಳನ್ನು ಬೇರ್ಪಡಿಸಬೇಕೆಂದು ನಾವು ಹೇಳುವದು ಚಿಕ್ಕವರ ಹಿತಕ್ಕಾಗಿ ಮಾತ್ರವಲ್ಲ, ಮುಖ್ಯವಾಗಿ ಅಕ್ಕನ ಬಿಡುಗಡೆಗಾಗಿ.

ರಾಜ್ಯ ಸರಕಾರದವರು 2023-24ನೆಯ ಸಾಲಿನ ಆಯವ್ಯಯದಲ್ಲಿ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ'ಗಳನ್ನು ತೆರೆಯುವದಾಗಿ ಪ್ರಕಟಿಸಿದರು. ಉದ್ಯೋಗ ಖಾತರಿಯ ಕೆಲಸಕ್ಕೆ ಹೋಗುವ ತಾಯಂದಿರ ಎಳೆಯ ಮಕ್ಕಳನ್ನು ನೋಡಿಕೊಳ್ಳುವದಕ್ಕಾಗಿ ಈ ಏರ್ಪಾಡು. ಹೆಸರೇ ಎಷ್ಟು ಸೊಗಸಾಗಿದೆ! ಆದರೆ ಕೂಸಿನ ಮನೆಯನ್ನು ಎಲ್ಲಿ ಜಾಗ ಸಿಕ್ಕಿತೋ ಅಲ್ಲಿ ಮಾಡದೆ ಶಾಲೆಯ ಮಗ್ಗುಲಲ್ಲೇ ಮಾಡತಕ್ಕದ್ದು, ಮತ್ತು ಶಾಲೆ ಬಿಡುವ ವರೆಗೂ ಅದರ ಬಾಗಿಲು ತೆರೆದಿರತಕ್ಕದ್ದು. ಮಧ್ಯಾಹ್ನಕ್ಕೇ ಬಾಗಿಲು ಮುಚ್ಚಿದರೆ ಅಕ್ಕನೂ ಮಧ್ಯಾಹ್ನಕ್ಕೇ ಪಾಟಿಚೀಲವನ್ನು ಕಟ್ಟಬೇಕಾಗುವದು.

ಇನ್ನು ಗೆರೆಯನ್ನು ಕೂದಲೆಳೆಯಷ್ಟೂ ಸರಿಸಬಾರದೆಂಬ ಹಟವು ನಮಗಿಲ್ಲ. ಒಂದನೆಯ ಇಯತ್ತೆಗೆ ಬರುವ ಮಗುವಿಗೆ ಜೂನ 1ಕ್ಕೆ 6 ವರ್ಷ ತುಂಬಿರಬೇಕೆಂದು 2022ರಲ್ಲಿ ಆಜ್ಞೆಯಾಯಿತು. ಅದು 2025-26ನೆಯ ಸಾಲಿಗೆ ಮುಂದೂಡಲ್ಪಟ್ಟಿತು. ಆ ಸಾಲು ಬಂದಾಗ ಆ ಒಂದು ವರ್ಷದ ಮಟ್ಟಿಗೆ 5 ವರ್ಷ 5 ತಿಂಗಳು ಸಾಕೆಂದು ಸಡಿಲಿಸಲ್ಪಟ್ಟಿತು. ನಮ್ಮ ಹಳ್ಳಿಗಳ ಹಿರಿಯರಲ್ಲಿ ಎಷ್ಟೋ ಜನರು ಜೂನ 1ರಂದೇ ಹುಟ್ಟಿದವರೆಂಬದನ್ನು ವಾಚಕರು ಬಲ್ಲರಷ್ಟೆ! ಶಾಲೆಗೆ ಸೇರಿಸುವಾಗ ಹೆಡ್‌ಮಾಸ್ತರರು ಬರೆದುಕೊಟ್ಟ ಹುಟ್ಟುದಿನವದು. ಅವರಲ್ಲಿ ಯಾರ ವಿದ್ಯೆಯೂ ಅದರಿಂದ ಕೆಡಲಿಲ್ಲ.

ಒಳಗಡೆ ಬೆರೆಸುವದರಲ್ಲಿಯೂ ಲಾಭವುಂಟು. 1995ರಲ್ಲಿ ಹೆಗ್ಗಡದೇವನಕೋಟೆಯ ಕಡೆ ಹುಟ್ಟಿ, 2009-10ರಲ್ಲಿ ರಾಜ್ಯದ ಸರಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿದ 'ನಲಿ-ಕಲಿ'ಯಲ್ಲಿ ಕೆಳಗಿನ ಇಯತ್ತೆಗಳ ಮಕ್ಕಳನ್ನು ಒಟ್ಟಿಗೆ ಕೂಡ್ರಿಸಿ, ಅವರವರ ಕಲಿಕೆಯ ಮೆಟ್ಟಿಲಿನಂತೆ ಗುಂಪು ಮಾಡಿದರು. ನಮ್ಮ ಗೈಡ್ ಹುಡುಗಿಯರೂ ಹೀಗೆಯೇ: ಚಿಕ್ಕವರು ಬುಲ್‌ಬುಲ್‌ಗಳು, ದೊಡ್ಡವರು ಗೈಡುಗಳು ಎಂದು ಹೊರಗೆ ಗೆರೆಯಿದ್ದರೂ, ಆರೆಂಟು ಜನರ ಒಂದು ದಳದಲ್ಲಿ ಹನ್ನೊಂದರವಳೂ ಹದಿನೈದರವಳೂ ಜತೆಗಿರುವರು. ಹಿರಿಯಳು ಕಿರಿಯಳಿಗೆ ಗಂಟು ಹಾಕುವದನ್ನು ಕಲಿಸುವಳು. ಆದರೆ ಅದು ಅವಳು ಒಪ್ಪಿಕೊಂಡ ಕೆಲಸ. ಸೀಟಿ ಊದಿದ ಕೂಡಲೆ ಮುಗಿಯುವದು. ಮನೆಯ ಕೂಸಿಗೆ ಸೀಟಿಯಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಶಿಕ್ಷಕಿಯರಿರುವರು, ಅಂಗನವಾಡಿಯ ಕಾರ್ಯಕರ್ತೆಯರಿರುವರು, ಪಂಚಾಯತಿಯ ಸದಸ್ಯರೂ ಇರುವರು. ಅವರಲ್ಲಿ ನಮ್ಮ ಬಿನ್ನಹವಿಷ್ಟೇ: ಹುಡುಗಿಯೊಬ್ಬಳು ಎಂಟು ದಿನ ಶಾಲೆ ತಪ್ಪಿಸಿದರೆ ಅವಳ ವಯಸ್ಸೆಷ್ಟೆಂದು ಕೇಳುವದಕ್ಕೆ ಮೊದಲು ಅವಳ ಮನೆಯ ಕೂಸಿನ ವಯಸ್ಸೆಷ್ಟೆಂದು ಕೇಳಿರಿ, ಪಂಚಾಯತಿಯ ಮುಂದಿನ ಸಭೆಯಲ್ಲಿ ಅಂಥ ಮನೆಗಳ ಹೆಸರುಗಳನ್ನು ಓದಿಸಿ, ಶಾಲೆಯ ಮಗ್ಗುಲಲ್ಲಿ ಒಂದು ಕೋಣೆಯನ್ನೂ ಅದರಲ್ಲಿ ನಾಲ್ಕು ತೊಟ್ಟಿಲುಗಳನ್ನೂ ಬೇಡಿರಿ.