ನೀರು ಬೆರೆಯುವ ಮುನ್ನ ಮೀನಿನ ಚಿತ್ರ ದಾಖಲಾಗಲಿ

ಬೇಲೂರು, ಹಳೇಬೀಡು, ಅರಸೀಕೆರೆಗಳ ಸುತ್ತಿನ ನೆಲ ಮೂರು ಕಣಿವೆಗಳು ಹತ್ತಿರ ಬರುವ ಜಾಗ. ಬಾಬಾಬುಡನ್‌ಗಿರಿ ಸಾಲಿನಲ್ಲಿ ಹುಟ್ಟಿ ಬೇಲೂರನ್ನು ಹಾದುಹೋಗುವ ಯಗಚಿ, ಹೇಮಾವತಿಗೆ ಸೇರಿ ಕಾವೇರಿಯಾಗುತ್ತದೆ. ಅರಸೀಕೆರೆ ತಾಲ್ಲೂಕಿನ ಉತ್ತರದ ಹಳ್ಳಗಳು ವೇದಾವತಿಯ ಕಡೆಗೆ ಇಳಿದು ಕೃಷ್ಣೆಯ ಪಾಲಾಗುತ್ತವೆ. ಸಕಲೇಶಪುರದ ಘಟ್ಟದಲ್ಲಿ ಹುಟ್ಟುವ ಎತ್ತಿನಹೊಳೆಯದು ಪಶ್ಚಿಮದ ದಾರಿ. ಅದು ನೇತ್ರಾವತಿಯ ಮೂಲಕ ಅರಬ್ಬಿ ಸಮುದ್ರಕ್ಕೆ ಹೋಗುತ್ತದೆ. ಈ ಗಡಿಗಳು ಈಗ ಕಾಲುವೆಗಳಿಂದ ಅಳಿಸಿಹೋಗುತ್ತಿವೆ. 2024ರ ಸೆಪ್ಟೆಂಬರ್ 6ರಂದು ಎತ್ತಿನಹೊಳೆ ಯೋಜನೆಯ ಮೊದಲ ಹಂತ ಉದ್ಘಾಟನೆಯಾಯಿತು. ಮೇಲೆತ್ತಿದ ನೀರನ್ನು ಸದ್ಯಕ್ಕೆಂದು ಹಳೇಬೀಡು, ಬೆಳವಾಡಿಗಳ ಕಡೆಯಿಂದ ವೇದಾವತಿ ಕಣಿವೆಗೆ ಇಳಿಸಿ ವಾಣಿವಿಲಾಸ ಸಾಗರದತ್ತ ಹರಿಸಲಾಯಿತು. ಯಗಚಿಯ ನೀರನ್ನು ಹಳೇಬೀಡಿನ ದ್ವಾರಸಮುದ್ರ ಕೆರೆಗೆ ತರುವ ರಣಘಟ್ಟ ಯೋಜನೆ ಬೇರೆ ಇದೆ. ನೀರಿನ ಲೆಕ್ಕ ಟಿಎಂಸಿಗಳಲ್ಲಿ ನಡೆಯುತ್ತಿದೆ, ಆದರೆ ಆ ನೀರಿನೊಳಗಿನ ಮೀನಿನ ಲೆಕ್ಕ ಯಾರ ಬಳಿಯೂ ಸರಿಯಾಗಿಲ್ಲ. ಅಕ್ವೇರಿಯಂ ಇಟ್ಟುಕೊಂಡವರು ಗಾಜಿನ ಆಚೆಯ ಮೀನನ್ನು ಡಿಜಿಟಲ್ ಕ್ಯಾಮೆರಾದಲ್ಲಿ ಹಿಡಿಯಲು ಕಲಿತಿರುವ ವಿದ್ಯೆಯನ್ನು ಈ ಕೆಲಸಕ್ಕೆ ತಿರುಗಿಸಬೇಕು, ಅದೂ ತಡಮಾಡದೆ ತಿರುಗಿಸಬೇಕು ಎಂಬುದು ನನ್ನ ವಾದ.

ಒಂದು ಕಣಿವೆಯ ಮೀನು ಇನ್ನೊಂದಕ್ಕೆ ಬಂದರೆ ಏನಾದೀತು ಎಂಬುದಕ್ಕೆ ಕಾವೇರಿಯೇ ಪಾಠ ಹೇಳಿದೆ. ಬೆನ್ನು ಉಬ್ಬಿದ ದೈತ್ಯ ಮಹಸೀರ್ ಕಾವೇರಿ ಕಣಿವೆಯನ್ನು ಬಿಟ್ಟು ಬೇರೆಲ್ಲೂ ಇಲ್ಲದ ಮೀನು. ಗಾಳ ಹಾಕುವವರಿಗೆ ಅದು ನೂರೈವತ್ತು ವರ್ಷಗಳಿಂದ ಗೊತ್ತಿತ್ತು. ಆದರೆ ಅದು ಯಾವ ಪ್ರಭೇದವೆಂದು ಖಚಿತವಾಗಿ ಗುರುತಿಸಿ, ಟಾರ್ ರೆಮಾದೇವಿ ಎಂಬ ಹೆಸರಿನಡಿ ಸೇರಿಸಿದ್ದು 2018ರಲ್ಲಿ. ಅದೇ ವರ್ಷ ಅದು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೂ ಸೇರಿತು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಸೀರ್ ಹೆಚ್ಚುತ್ತ ಹೋದಂತೆ ಸ್ಥಳೀಯ ಮಹಸೀರ್ ಕರಗುತ್ತ ಬಂದದ್ದು ತಿಳಿದದ್ದಾದರೂ ಹೇಗೆ? 1998ರಿಂದ 2012ರವರೆಗೆ ಕಾವೇರಿಯ ಗಾಳದ ಶಿಬಿರಗಳಲ್ಲಿ ಹಿಡಿದು ಬಿಟ್ಟ ಪ್ರತಿ ಮೀನನ್ನೂ ಬರೆದಿಟ್ಟ ಪುಸ್ತಕಗಳಿಂದ. ಹವ್ಯಾಸಿಗಳು ತಮ್ಮ ಖುಷಿಗೆ ಇಟ್ಟ ಲೆಕ್ಕ ಇಲ್ಲದಿದ್ದರೆ ಆ ಅದಲುಬದಲು ನಮ್ಮ ಗಮನಕ್ಕೇ ಬರುತ್ತಿರಲಿಲ್ಲ. ನಾಲ್ಕಾಳು ಹಿಡಿದು ಎತ್ತಬೇಕಾದ ಮಹಸೀರ್‌ನ ಕಥೆಯೇ ಹೀಗಾದರೆ ಬೆರಳುದ್ದದ ಸಸಲು, ಗಿರ್ಲುಗಳ ಗತಿ ಏನು?

ಇಂಥ ಸಣ್ಣ ಮೀನುಗಳಿಗೆ ಚಿತ್ರವೇ ಯಾಕೆ ಬೇಕು, ಹೆಸರಿನ ಪಟ್ಟಿ ಸಾಲದೇ ಎಂದು ಕೇಳಬಹುದು. ಪಟ್ಟಿ ಸಾಲದು. ನಮ್ಮೂರುಗಳಲ್ಲಿ ಸಸಲು ಎಂದು ಒಟ್ಟಾಗಿ ಕರೆಯುವ ಬುಟ್ಟಿಯಲ್ಲಿ ಬೇರೆಬೇರೆ ಜಾತಿಯ ಹಲವು ಮರಿಗೆಂಡೆಗಳೂ ಪುಟ್ಟ ಮೀನುಗಳೂ ಸೇರಿರುತ್ತವೆ. ಅವನ್ನು ಬೇರ್ಪಡಿಸುವುದು ಬಾಲದ ಬುಡದ ಕಪ್ಪು ಚುಕ್ಕೆ, ಪಕ್ಕೆಯ ಪಟ್ಟೆ, ಬೆನ್ನಿನ ರೆಕ್ಕೆಯಿಂದ ಹೊರಟ ಎಳೆಗಳು, ಮೊಟ್ಟೆಯಿಡುವ ಕಾಲಕ್ಕೆ ಗಂಡಿಗೆ ಬರುವ ಕೆಂಪು. ಮೀನು ಸತ್ತ ಕೆಲವೇ ನಿಮಿಷಗಳಲ್ಲಿ ಈ ಬಣ್ಣಗಳು ಮಾಸತೊಡಗುತ್ತವೆ. ಫಾರ್ಮಾಲಿನ್ ಬಾಟಲಿ ಸೇರಿದ ಮೇಲೆ ಎಲ್ಲವೂ ಬೂದುಬೂದು. ಕಾಲೇಜಿನ ಪ್ರಯೋಗಾಲಯದ ಕಪಾಟಿನಲ್ಲಿರುವ ಮೀನು ತನ್ನ ಎಲುಬು, ಹುರುಪೆಗಳ ಲೆಕ್ಕ ಕೊಡಬಲ್ಲದು, ಬದುಕಿದ್ದಾಗಿನ ರೂಪವನ್ನು ಕೊಡಲಾರದು. ಜೀವಂತ ಮೀನಿನ ಒಳ್ಳೆಯ ಚಿತ್ರ ಆ ಕೊರತೆಯನ್ನು ತುಂಬುತ್ತದೆ. ಮೇಲಾಗಿ ಡಿಜಿಟಲ್ ಚಿತ್ರದ ಕಡತದೊಳಗೇ ತೆಗೆದ ದಿನ, ಗಂಟೆ, ಜಿಪಿಎಸ್ ಇದ್ದರೆ ಸ್ಥಳವೂ ಕುಳಿತಿರುತ್ತವೆ. ಇಪ್ಪತ್ತು ವರ್ಷದ ಬಳಿಕ ಯಾರೋ ಸಂಶೋಧಕರು ಈ ಮೀನು ಹಳೇಬೀಡಿನ ಕೆರೆಗೆ ಯಾವಾಗ ಬಂತು ಎಂದು ಕೇಳಿದರೆ, ಪಹಣಿ ಇಲ್ಲದ ಜಮೀನಿನ ವ್ಯಾಜ್ಯದಂತೆ ಬಾಯಿಮಾತಿನ ಸಾಕ್ಷಿಗೆ ಅಲೆಯಬೇಕಾಗುವುದಿಲ್ಲ.

ಅಕ್ವೇರಿಯಂ ಹವ್ಯಾಸಿಗಳ ಅನುಭವ ನೆರವಿಗೆ ಬರುವುದು ಇಲ್ಲಿ. ನೀರಿನಿಂದ ಎತ್ತಿ ಅಂಗೈಯಲ್ಲಿಟ್ಟು ತೆಗೆದ ಚಿತ್ರದಲ್ಲಿ ರೆಕ್ಕೆಗಳು ಮುದುಡಿಕೊಂಡಿರುತ್ತವೆ, ಒದ್ದೆ ಮೈ ಬಿಸಿಲಿಗೆ ಹೊಳೆದು ಹುರುಪೆ ಕಾಣುವುದಿಲ್ಲ. ಗಾಜಿನ ತೊಟ್ಟಿಯಲ್ಲಿ ಅದೇ ಮೀನು ರೆಕ್ಕೆ ಬಿಚ್ಚಿ ನಿಲ್ಲುತ್ತದೆ. ಕಿರಿದಾದ ತೊಟ್ಟಿಗೆ ಮೀನು ಸಿಕ್ಕ ಕೆರೆಯ ನೀರನ್ನೇ ಸೋಸಿ ತುಂಬಬೇಕು. ಒಳಗೊಂದು ತೆಳು ಗಾಜನ್ನು ಇಳಿಬಿಟ್ಟರೆ ಮೀನು ಮುಂದಿನ ಗಾಜಿನ ಹತ್ತಿರವೇ ಉಳಿಯುತ್ತದೆ, ಫೋಕಸ್ ತಪ್ಪುವುದಿಲ್ಲ. ಬೆಳಕು ಮೇಲಿನಿಂದ ಬೀಳಲಿ. ಕ್ಯಾಮೆರಾದ ಮೇಲಿರುವ ಫ್ಲ್ಯಾಶ್ ನೇರವಾಗಿ ಗಾಜಿಗೆ ಹೊಡೆದರೆ ಚಿತ್ರದಲ್ಲಿ ಬಿಳಿ ಮಚ್ಚೆಯೊಂದೇ ಉಳಿಯುತ್ತದೆ. ಕ್ಯಾಮೆರಾದ ಸುತ್ತ ಕಪ್ಪು ಬಟ್ಟೆ ಹಿಡಿದರೆ ಪ್ರತಿಬಿಂಬ ತೊಲಗುತ್ತದೆ. ಲೆನ್ಸ್ ಗಾಜಿಗೆ ನೇರವಾಗಿರಬೇಕು. ಓರೆಯಾದರೆ ನೀರು ಮತ್ತು ಗಾಜು ಬೆಳಕನ್ನು ಬಗ್ಗಿಸಿ ಆಕಾರ ಕೆಡಿಸುತ್ತವೆ. ಈಜುವ ಮೀನು ಅಲುಗದಂತೆ ಸಿಗಲು ಸೆಕೆಂಡಿನ 1/125ಕ್ಕಿಂತ ವೇಗದ ಷಟರ್ ಬೇಕು. ಹವ್ಯಾಸಿಯ ಚಿತ್ರ ದಾಖಲೆಯಾಗಲು ಇನ್ನೆರಡೇ ಶಿಸ್ತು ಸೇರಿದರೆ ಸಾಕು: ಮೀನುಶಾಸ್ತ್ರದ ವಾಡಿಕೆಯಂತೆ ತಲೆ ಎಡಕ್ಕಿರುವ ಪಕ್ಕದ ನೋಟ, ಮತ್ತು ಚೌಕಟ್ಟಿನೊಳಗೆ ಒಂದು ಅಳತೆಪಟ್ಟಿ. ಸಾಧಾರಣ ಮೊಬೈಲಿನಲ್ಲೂ ಇಷ್ಟನ್ನು ಮಾಡಬಹುದು.

ಚಿತ್ರವೊಂದೇ ವಿಜ್ಞಾನವಾಗದು ಎಂಬ ಆಕ್ಷೇಪ ತೂಕದ್ದು. 2015ರಲ್ಲಿ ದಕ್ಷಿಣ ಆಫ್ರಿಕಾದ ಒಂದು ನೊಣವನ್ನು ಬರೀ ಫೋಟೊಗಳ ಆಧಾರದಲ್ಲಿ ಹೊಸ ಪ್ರಭೇದವೆಂದು ಹೆಸರಿಸಿದಾಗ ಪ್ರಾಣಿಶಾಸ್ತ್ರಜ್ಞರ ನಡುವೆ ದೊಡ್ಡ ಜಟಾಪಟಿಯೇ ನಡೆಯಿತು. ಮೀನಿನ ವಿಷಯದಲ್ಲೂ ಹುರುಪೆ ಎಣಿಸಬೇಕು, ಹಲ್ಲು ನೋಡಬೇಕು, ಈಗ ಡಿಎನ್‌ಎಯನ್ನೂ ಹೋಲಿಸಬೇಕು. ನಿಜ. ಆದರೆ ಯಗಚಿಯ ಮೀನಿಗೆ ಹೊಸ ಹೆಸರಿಡುವ ಕೆಲಸವನ್ನು ನಾನು ಹವ್ಯಾಸಿಗಳಿಗೆ ಕೊಡುತ್ತಿಲ್ಲ. ತಜ್ಞರು ಎಲ್ಲ ಕೆರೆಗೂ ಎಲ್ಲ ಮಳೆಗಾಲಕ್ಕೂ ಬರಲಾರರು. ಯಾವ ಕೆರೆಗೆ ಬರಬೇಕೆಂದು ಅವರಿಗೆ ತೋರಿಸುವವರಾದರೂ ಬೇಕು. ಒಂದೇ ಜಾಗದ ಚಿತ್ರಗಳು ವರ್ಷವರ್ಷವೂ ಸೇರುತ್ತ ಹೋದರೆ ನಿನ್ನೆಯವರೆಗೆ ಇಲ್ಲದ ಮೀನು ಕಾಣಿಸಿಕೊಂಡದ್ದು ತಾನಾಗಿ ಎದ್ದುಕಾಣುತ್ತದೆ.

ಮೀನಿಗೆ ಹಿಂಸೆಯಾಗುವುದಿಲ್ಲವೇ ಎಂಬುದು ಇನ್ನೊಂದು ಪ್ರಶ್ನೆ. ಸಮುದ್ರಕುದುರೆ ಮೊದಲಾದ ತಳವಾಸಿ ಮೀನುಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಧ್ಯಯನವೊಂದು, ಫ್ಲ್ಯಾಶ್‌ಗಿಂತ ಮನುಷ್ಯರು ಮುಟ್ಟುವುದರಿಂದಲೇ ಅವು ಹೆಚ್ಚು ಕಂಗೆಡುತ್ತವೆ ಎಂದು ತೋರಿಸಿದೆ. ಹಾಗಾಗಿ ನಿಯಮಗಳು ಬಿಗಿಯಾಗಿರಬೇಕು. ಚಿತ್ರಕ್ಕೆಂದೇ ಮೀನು ಹಿಡಿಯದೆ, ಬೆಸ್ತರ ಬಲೆಗೆ ಹೇಗೂ ಬಿದ್ದದ್ದನ್ನು ಬಳಸಬೇಕು; ಕೈ ಒದ್ದೆಯಾಗಿರಬೇಕು; ನೆರಳಿನಲ್ಲಿ ಕೆಲವೇ ನಿಮಿಷದಲ್ಲಿ ಕೆಲಸ ಮುಗಿಯಬೇಕು. ಬಿಡುವುದಾದರೆ ಹಿಡಿದ ಜಾಗಕ್ಕೇ ಬಿಡಬೇಕು, ಹೊರಗಿನಿಂದ ಬಂದ ಜಾತಿಯನ್ನು ಮತ್ತೆ ನೀರಿಗೆ ಬಿಡಲೇಬಾರದು. ಮನೆಯ ಅಕ್ವೇರಿಯಂನಲ್ಲಿ ಬೆಳೆದು ದೊಡ್ಡದಾದ ಸಕ್ಕರ್ ಮೀನನ್ನು ಕನಿಕರದಿಂದ ಕೆರೆಗೆ ಬಿಟ್ಟವರಿಂದಲೇ ಅದು ದೇಶದ ಹಲವು ಜಲಮೂಲಗಳಲ್ಲಿ ಬೇರೂರಿರುವುದು. ಚಿತ್ರ ನೋಡಿ ವ್ಯಾಪಾರಿಗಳು ಮೀನಿನ ಬೆನ್ನು ಹತ್ತುತ್ತಾರೆಂಬ ಭಯವೂ ಸುಳ್ಳಲ್ಲ: ಮಿಸ್ ಕೇರಳ ಎಂದು ಹೆಸರಾದ ಪಶ್ಚಿಮಘಟ್ಟದ ಕೆಂಪುಗೆರೆಯ ಮೀನನ್ನು ಅದರ ಅಂದವೇ ಅಕ್ವೇರಿಯಂ ಮಾರುಕಟ್ಟೆಗೆ ಎಳೆದು ಅಪಾಯಕ್ಕೆ ತಳ್ಳಿತು. ಆದ್ದರಿಂದ ಅಪರೂಪದ ಮೀನಿನ ಚಿತ್ರ ಎಲ್ಲರಿಗೂ ಸಿಗಲಿ, ನಿಖರ ಸ್ಥಳದ ಮಾಹಿತಿ ದಾಖಲೆಯಲ್ಲಷ್ಟೇ ಉಳಿಯಲಿ.

ಕುಡಿಯುವ ನೀರಿಗೇ ತತ್ವಾರವಿರುವ ಸೀಮೆಯಲ್ಲಿ ಸಸಲು ಮೀನಿನ ಚಿಂತೆ ಯಾಕೆ ಎಂದು ಅರಸೀಕೆರೆಯ ತೆಂಗಿನ ಬೆಳೆಗಾರರು ಕೇಳಿದರೆ ತಪ್ಪಿಲ್ಲ. ಕೆರೆ ತುಂಬಲಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಕೆರೆಯ ಮೀನು ಬೆಸ್ತರ ಅನ್ನ, ಸಣ್ಣ ಮೀನು ಬಡವರ ಊಟ. ಗಂಗಾ ಬಯಲಿನ ಕಾಟ್ಲಾ, ರೋಹುಗಳನ್ನು ಕೆರೆಗಳಿಗೆ ಬಿತ್ತಿದ್ದರಿಂದ, 1952ರಲ್ಲಿ ದೇಶಕ್ಕೆ ಬಂದ ಜಿಲೇಬಿ ಮೀನು ಎಲ್ಲೆಡೆ ಹಬ್ಬಿದ್ದರಿಂದ ನಮ್ಮ ಕೆರೆಗಳು ಎಷ್ಟನ್ನು ಕಳೆದುಕೊಂಡವೆಂದು ಇಂದು ಹೇಳಲಾಗದು, ಯಾಕೆಂದರೆ ಮೊದಲು ಏನಿತ್ತೆಂದು ಯಾರೂ ಊರೂರಿನ ಮಟ್ಟದಲ್ಲಿ ದಾಖಲಿಸಲಿಲ್ಲ. ಈ ಸಲ ಆ ನೆಪ ನಮಗಿಲ್ಲ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ, ಪ್ರತಿ ಸಮಿತಿಗೂ ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕು. ಬೇಲೂರು, ಅರಸೀಕೆರೆಗಳ ಕಾಲೇಜುಗಳ ಪ್ರಾಣಿಶಾಸ್ತ್ರ ವಿಭಾಗ, ಮೀನುಗಾರರ ಸಹಕಾರ ಸಂಘ, ಅಕ್ವೇರಿಯಂ ಹವ್ಯಾಸಿಗಳು ಈ ಮೂವರನ್ನೂ ಒಂದೆಡೆ ಕೂರಿಸುವ ಅಧಿಕಾರ ಆ ಸಮಿತಿಗಳಿಗೆ ಸಾಲುತ್ತದೆ. ಸಾವಿರಾರು ಕೋಟಿಯ ಕಾಲುವೆಯ ಪಕ್ಕದಲ್ಲಿ ಒಂದು ಗಾಜಿನ ತೊಟ್ಟಿ, ಒಂದು ಕ್ಯಾಮೆರಾದ ಖರ್ಚು ಲೆಕ್ಕಕ್ಕೇ ಬಾರದು. ಬರುವ ಮುಂಗಾರಿಗೆ ಮೊದಲು ಕಾಲುವೆ ಹಾದಿಯ ಪ್ರತಿ ಕೆರೆಯ ಮೀನಿನ ಚಿತ್ರ ಪಂಚಾಯಿತಿಯ ದಾಖಲಾತಿಗೆ ಸೇರಬೇಕು. ನೀರು ಹರಿಸುವ ಇಲಾಖೆಯೇ ಆ ಖರ್ಚನ್ನು ಯೋಜನೆಯ ವೆಚ್ಚದಲ್ಲಿ ಸೇರಿಸಿ ಕೊಡಬೇಕು.