ಕಮಾನು, ಕುಲುಕು ಮತ್ತು ಹಿಂದಿನ ಸೀಟು

ವಾರವೆಲ್ಲ ಕಚೇರಿಗೆ ಹೋಗಿಬರುವ ಕಾರನ್ನೇ ವರ್ಷಕ್ಕೆ ಮೂರು ನಾಲ್ಕು ಸಲ ರೇಸಿನ ಟ್ರ್ಯಾಕಿಗೂ ಒಯ್ಯುವವರು ಅದರ ಸಸ್ಪೆನ್ಷನ್ನನ್ನು ಬದಲಿಸಲು ಹೊರಟರೆ, ರಸ್ತೆಯನ್ನು ಮುಂದಿಟ್ಟುಕೊಂಡೇ ಆರಿಸಬೇಕು ಎಂಬುದು ನಮ್ಮ ಅಭಿಪ್ರಾಯ. ಟ್ರ್ಯಾಕಿನ ಗೆಳೆಯರಲ್ಲಿ ಹೆಚ್ಚಿನವರು ಇದನ್ನು ಒಪ್ಪುವುದಿಲ್ಲವೆಂಬುದು ನಮಗೆ ಗೊತ್ತು. ನಾವೂ ಮೂರು ವರ್ಷದ ಹಿಂದೆ ಒಪ್ಪುತ್ತಿರಲಿಲ್ಲ. ಸಾಕಷ್ಟು ದುಡ್ಡು ಕಳೆದುಕೊಂಡು, ಅವ್ವನ ಸೊಂಟದ ನೋವನ್ನು ಹೆಚ್ಚಿಸಿ, ಒಂದು ಮಳೆಯ ಸಂಜೆ ಬೆವರಿಳಿಸಿಕೊಂಡ ಮೇಲೆ ಬಂದ ತಿಳಿವಳಿಕೆ ಇದು.

ಚೆನ್ನೈನಲ್ಲಿರುವ ಕನ್ನಡಿಗರಿಗೆ ಊರಿನ ದಾರಿ ಹಿಡಿದಾಗಲೆಲ್ಲ ಶ್ರೀಪೆರುಂಬುದೂರಿನ ಆಸುಪಾಸಿನಲ್ಲಿ ಇರುಂಗಾಟ್ಟುಕೋಟೈ ಎಂಬ ಹೆಸರು ಕಣ್ಣಿಗೆ ಬೀಳುತ್ತದೆ. ಬೆಂಗಳೂರು ಹೆದ್ದಾರಿಯ ಆ ಬದಿಯಲ್ಲೇ 1990ರಿಂದ ನಡೆದುಬಂದಿರುವ ರೇಸ್ ಟ್ರ್ಯಾಕ್ ಇದೆ. ಒಂದು ಸುತ್ತಿಗೆ 3.7 ಕಿಲೋಮೀಟರು. ಅದಕ್ಕೂ ಹಿಂದೆ ಈ ಊರಿನ ರೇಸುಗಳು ಶೋಳವರಂನ ಹಳೆಯ ಯುದ್ಧಕಾಲದ ವಿಮಾನಪಟ್ಟಿಯ ಮೇಲೆ ನಡೆಯುತ್ತಿದ್ದವು. ಇಂಗ್ಲಿಷ್ ಎಂ.ಎ. ಮಾಡಿ ಕೇಂದ್ರ ಸರಕಾರದ ಕಡತಗಳ ನಡುವೆ ಕುಳಿತವರಿಗೆ ಈ ಹುಚ್ಚೇಕೆ ಎಂದು ಬಳಗದ ಮಿತ್ರರು ಕೇಳುವುದುಂಟು. ಉತ್ತರ ನಮಗೂ ತಿಳಿಯದು. ನಲವತ್ತು ದಾಟಿದ ಮೇಲೆ ಕೆಲವರು ಸಿತಾರ್ ಕಲಿಯುತ್ತಾರೆ. ನಾವು ನಮ್ಮ ಪೋಲೊ ಕಾರಿನಲ್ಲಿ ತಿರುವು ಹಾಯುವುದನ್ನು ಕಲಿಯತೊಡಗಿದೆವು.

ಎರಡನೆಯ ವರ್ಷವೇ ತಪ್ಪು ಮಾಡಿದೆವು. ಕಾರು ತಿರುವಿನಲ್ಲಿ ವಾಲುತ್ತದೆ, ವಾಲುವುದನ್ನು ನಿಲ್ಲಿಸಿದರೆ ವೇಗ ಹೆಚ್ಚುತ್ತದೆ ಎಂಬ ಸರಳ ತರ್ಕ. ಎತ್ತರವನ್ನು ತಿರುಪಿನಿಂದ ಇಳಿಸಬಹುದಾದ, ಬಹಳ ಗಟ್ಟಿಯಾದ ಸ್ಪ್ರಿಂಗುಗಳಿರುವ ಒಂದು ಕಾಯಿಲೋವರ್ ಜೋಡಣೆಯನ್ನು ತರಿಸಿ ಹಾಕಿಸಿ, ಕಾರನ್ನು ನಾಲ್ಕು ಬೆರಳು ತಗ್ಗಿಸಿದೆವು. ನೋಡಲು ಬಲು ಸೊಗಸಾಗಿತ್ತು. ಆ ದಸರೆಗೆ ಧಾರವಾಡದಿಂದ ಬಂದ ಅವ್ವನನ್ನು ಸೆಂಟ್ರಲ್ ಸ್ಟೇಶನ್ನಿನಿಂದ ವೇಳಚ್ಚೇರಿಯ ಮನೆಗೆ ಕರೆತಂದೆವು. ದಾರಿಯುದ್ದಕ್ಕೂ ಮಾತಿಲ್ಲ. ಮನೆಯ ಮುಂದೆ ಇಳಿಯುವಾಗ ಬಾಗಿಲು ಹಿಡಿದು ನಿಂತು, "ಇದಕ್ಕಿಂತ ನಮ್ಮ ಚಕ್ಕಡಿನ ಛಲೋ ಇತ್ತಲ್ಲೋ ತಮ್ಮಾ" ಎಂದಳು. ಎಪ್ಪತ್ತೊಂದರ ಆಕೆಗೆ ಬೆನ್ನುಮೂಳೆಯ ಸವೆತದ ತೊಂದರೆ ಮೊದಲಿನಿಂದಲೂ ಇತ್ತು. ಮುಂದಿನ ಎರಡು ದಿನ ಹಾಸಿಗೆಯಿಂದ ಏಳಲಿಲ್ಲ.

ಆಗ ಪುಸ್ತಕಗಳನ್ನು ತೆರೆದೆವು. ಮೊದಲು ತೆರೆಯಬೇಕಿತ್ತು.

ಕಮಾನಿನ ಮೇಲೆ ಕುಳಿತ ಯಾವುದೇ ಭಾರಕ್ಕೆ ತನ್ನದೇ ಆದ ತೂಗಾಟದ ಲಯವಿರುತ್ತದೆ. ಸಾಮಾನ್ಯ ಕಾರುಗಳು ಸೆಕೆಂಡಿಗೆ ಒಂದರಿಂದ ಒಂದೂವರೆ ಸಲ ತೂಗುವಂತೆ ರಚಿತವಾಗಿರುತ್ತವೆ. ಟ್ರ್ಯಾಕಿಗೆಂದೇ ಗಟ್ಟಿಗೊಳಿಸಿದವು ಎರಡರ ಆಸುಪಾಸು, ಅದಕ್ಕೂ ಮೇಲೆ. ವ್ಯತ್ಯಾಸ ಅಲ್ಪವೆನಿಸಬಹುದು, ಆದರೆ ಅದರ ಹಿಂದಿನ ಲೆಕ್ಕ ನೋಡಬೇಕು. ಸೆಕೆಂಡಿಗೆ ಒಂದು ಸಲ ತೂಗಬೇಕಾದರೆ ಕಾರಿನ ಭಾರಕ್ಕೆ ಸಸ್ಪೆನ್ಷನ್ನು ಸುಮಾರು 25 ಸೆಂಟಿಮೀಟರು ಕುಸಿದು ನಿಂತಿರಬೇಕು. ಒಂದೂವರೆ ಸಲಕ್ಕೆ 11 ಸಾಕು, ಎರಡು ಸಲಕ್ಕೆ ಬರೀ 6. ಗಾಲಿ ಗುಂಡಿಗೆ ಇಳಿಯುವಾಗ ಅದನ್ನು ಕೆಳಗೊತ್ತುವುದು ಈ ಕುಸಿತದಲ್ಲಿ ಅಡಗಿರುವ ಶಕ್ತಿಯೇ. ಕುಸಿತ 6 ಸೆಂಟಿಮೀಟರಾದರೆ ಅದಕ್ಕಿಂತ ಆಳದ ಗುಂಡಿಯಲ್ಲಿ ಗಾಲಿಯನ್ನು ನೆಲಕ್ಕೆ ಒತ್ತುವ ಸ್ಪ್ರಿಂಗೇ ಇರುವುದಿಲ್ಲ. ಮಳೆಗಾಲ ಮುಗಿದ ಚೆನ್ನೈನ ರಸ್ತೆ ಕಂಡವರಿಗೆ 6 ಸೆಂಟಿಮೀಟರಿನ ಗುಂಡಿ ಗುಂಡಿಯೇ ಅಲ್ಲ.

ಇನ್ನು ಮೈಯ ವಿಚಾರ. ಕುಳಿತ ಮನುಷ್ಯನ ದೇಹ ಮೇಲುಕೆಳಗಿನ ಕುಲುಕಿನಲ್ಲಿ ಅತಿ ಹೆಚ್ಚು ನೋಯುವುದು ಸೆಕೆಂಡಿಗೆ ನಾಲ್ಕರಿಂದ ಎಂಟು ಸಲದ ಅದುರಿಗೆ. ಮೆತ್ತನೆಯ ಕಮಾನು ಈ ಅದುರನ್ನು ಬಹುಮಟ್ಟಿಗೆ ತಡೆಯುತ್ತದೆ. ಕಮಾನು ಗಟ್ಟಿಯಾದಷ್ಟೂ ಅದು ಸೋಸದೆ ಒಳಗೆ ಬರುತ್ತದೆ. ಚಾಲಕನ ಕೈಯಲ್ಲಿ ಚಕ್ರವಿದೆ, ಮುಂದೇನು ಬರುತ್ತದೆಂದು ಅವನಿಗೆ ಕಾಣುತ್ತದೆ, ಮೈ ತಾನಾಗಿ ಬಿಗಿದು ಸಿದ್ಧವಾಗುತ್ತದೆ. ಹಿಂದಿನ ಸೀಟಿನವರಿಗೆ ಈ ಯಾವ ಅನುಕೂಲವೂ ಇಲ್ಲ. ಕಾರನ್ನು ಗಟ್ಟಿ ಮಾಡಿಸಿದವನು "ಅಷ್ಟೇನೂ ಕುಲುಕುವುದಿಲ್ಲ" ಎಂದರೆ ಅವನು ಸುಳ್ಳಾಡುತ್ತಿಲ್ಲ; ಅವನು ಹಿಂದೆ ಕುಳಿತು ನೋಡಿಲ್ಲ, ಅಷ್ಟೆ.

ವಾಲುವುದರ ಬಗೆಗಿನ ನಮ್ಮ ತರ್ಕವೂ ಅರೆಬರೆಯಾಗಿತ್ತು. ಕಾರು ಬಲಕ್ಕೆ ತಿರುಗುವಾಗ ಎಡಗಾಲಿಗಳ ಮೇಲೆ ಒಟ್ಟಾರೆ ಎಷ್ಟು ಭಾರ ಸರಿಯುತ್ತದೆ ಎಂಬುದನ್ನು ನಿರ್ಧರಿಸುವುದು ಕಾರಿನ ತೂಕ, ಗುರುತ್ವಕೇಂದ್ರದ ಎತ್ತರ, ಎಡಬಲ ಗಾಲಿಗಳ ನಡುವಣ ಅಂತರ ಮತ್ತು ತಿರುವಿನ ರಭಸ. ಸ್ಪ್ರಿಂಗನ್ನು ಎಷ್ಟೇ ಗಟ್ಟಿ ಮಾಡಿದರೂ ಆ ಮೊತ್ತ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಬದಲಾಗುವುದು ವಾಲುವಿಕೆ, ಮತ್ತು ಆ ಭಾರ ಹಿಂದುಮುಂದಿನ ಗಾಲಿಗಳಲ್ಲಿ ಹಂಚಿಹೋಗುವ ಬಗೆ. ಹಾಗೆಂದು ವಾಲುವುದನ್ನು ತಗ್ಗಿಸುವುದರಿಂದ ಲಾಭವೇ ಇಲ್ಲವೆನ್ನಲಾಗದು. ನಮ್ಮ ಕಾರಿನಂಥವುಗಳ ಮುಂಭಾಗದಲ್ಲಿರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ವ್ಯವಸ್ಥೆಯಲ್ಲಿ ಕಾರು ವಾಲಿದಂತೆ ಹೊರಗಾಲಿಯೂ ಹೊರಕ್ಕೆ ಬಾಗುತ್ತದೆ, ಟೈರು ಅಂಚಿನ ಮೇಲೆ ಓಡತೊಡಗುತ್ತದೆ. ಅದನ್ನು ತಡೆಯಬೇಕು, ನಿಜ. ಆದರೆ ಕಾರನ್ನು ತಗ್ಗಿಸಿ ತಡೆಯಲು ಹೊರಟರೆ ಕೆಳಗಿನ ತೋಳು ಗಾಲಿಯ ಕಡೆಗೆ ಮೇಲ್ಮುಖವಾಗಿ ನಿಂತು, ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೆಯೋ ಆ ಬಿಂದುವು ಗುರುತ್ವಕೇಂದ್ರಕ್ಕಿಂತಲೂ ವೇಗವಾಗಿ ಕೆಳಗಿಳಿದುಬಿಡುತ್ತದೆ. ಆಗ ವಾಲಿಸುವ ಸನ್ನೆಯ ಉದ್ದವೇ ಹೆಚ್ಚುತ್ತದೆ. ವಾಲುವುದನ್ನು ತಗ್ಗಿಸಲೆಂದು ತಗ್ಗಿಸಿದ ಕಾರಿಗೆ ವಾಲುವ ಚಪಲ ಹೆಚ್ಚಾಗಿ, ಅದನ್ನು ಅಡಗಿಸಲು ಇನ್ನಷ್ಟು ಗಟ್ಟಿ ಸ್ಪ್ರಿಂಗು ಬೇಕಾಗುತ್ತದೆ. ಕಡತದ ಮೇಲೆ ಕಡತ ಹುಟ್ಟುವ ರೀತಿ ಇದೇ.

ಮಳೆಯ ಸಂಜೆಯ ಮಾತಿಗೆ ಬರುತ್ತೇವೆ. ತಗ್ಗಿಸಿದ ಕಾರಿನಲ್ಲಿ ಗಾಲಿ ಮೇಲೇರಲು ಉಳಿದ ಜಾಗ ಕಡಿಮೆ. ಅದರ ಕೊನೆಯಲ್ಲಿ ಬಂಪ್ ಸ್ಟಾಪ್ ಎಂಬ ರಬ್ಬರಿನ ಗುಬಟು ಇರುತ್ತದೆ. ನವೆಂಬರಿನ ಮಳೆಯಲ್ಲಿ ಒಂದು ಮೇಲ್ಸೇತುವೆಯ ಬಾಗಿನಲ್ಲಿ ಇಳಿಯುತ್ತಿದ್ದೆವು, ವೇಗ ಅರವತ್ತನ್ನೂ ಮುಟ್ಟಿರಲಿಲ್ಲ. ಸೇತುವೆಯ ಎರಡು ಭಾಗಗಳ ನಡುವಿನ ಕೂಡುಪಟ್ಟಿ ಎದ್ದಿತ್ತು. ವಾಲಿ ಆಗಲೇ ಅರ್ಧ ಕುಸಿದಿದ್ದ ಹೊರಗಾಲಿ ಆ ಏಟಿಗೆ ಗುಬಟಿಗೆ ಬಡಿಯಿತು. ಬಡಿದ ಕ್ಷಣದಲ್ಲಿ ಅಲ್ಲಿ ಸ್ಪ್ರಿಂಗೆಂಬುದೇ ಇಲ್ಲ, ಬಂಡೆಯಿದ್ದಂತೆ. ಟೈರು ನೆಲ ಬಿಟ್ಟಿತು, ಕಾರಿನ ಮೂಗು ಒಂದು ಮಾರು ಹೊರಕ್ಕೆ ಜಾರಿ ಗೋಡೆಗೆ ಅರ್ಧ ಅಡಿ ದೂರದಲ್ಲಿ ಮತ್ತೆ ಹಿಡಿತಕ್ಕೆ ಬಂತು. ಹಿಂದಿನ ಸೀಟಿನಲ್ಲಿ ಅವ್ವ ಮತ್ತು ಮಗಳು. ಯಾರಿಗೂ ಏನೂ ಆಗಲಿಲ್ಲ. ಟ್ರ್ಯಾಕಿನಲ್ಲಿ ಅದೇ ಕಾರು ನೂರಿಪ್ಪತ್ತರಲ್ಲಿ ತಿರುವು ಹಾಯ್ದಿತ್ತು. ಆ ನುಣುಪಾದ ಡಾಂಬರಿನ ಮೇಲೆ ಕೂಡುಪಟ್ಟಿಗಳಿರಲಿಲ್ಲ.

ಇಂಗ್ಲಿಷಿನಲ್ಲಿ ಕಂಪ್ಲಯನ್ಸ್ ಎಂಬೊಂದು ಪದವಿದೆ. ಕಚೇರಿಯಲ್ಲಿ ಅದನ್ನು ದಿನಕ್ಕೆ ಹತ್ತು ಸಲ ಬರೆಯುತ್ತೇವೆ, ಆದೇಶಪಾಲನೆ ಎಂಬ ಅರ್ಥದಲ್ಲಿ. ಸಸ್ಪೆನ್ಷನ್ನಿನ ಎಂಜಿನಿಯರುಗಳಿಗೆ ಅದೇ ಪದಕ್ಕೆ ಅರ್ಥ ಮಣಿಯುವ ಗುಣ. ರಸ್ತೆ ಎದ್ದಲ್ಲಿ ಗಾಲಿ ಏಳಬೇಕು, ಇಳಿದಲ್ಲಿ ಇಳಿಯಬೇಕು, ಟೈರಿನ ಒತ್ತಡ ನೆಲದ ಮೇಲೆ ಆದಷ್ಟು ಒಂದೇ ಸಮ ಇರಬೇಕು. ಹಿಡಿತವೆಂದರೆ ಅದೇ. ಕೆಟ್ಟ ರಸ್ತೆಯಲ್ಲಿ ಮಣಿಯದ ಕಾರಿಗೆ ಹಿಡಿತವೂ ಇರುವುದಿಲ್ಲ.

ಆದ್ದರಿಂದ ಹಣವಿದ್ದರೆ ಅದನ್ನು ಸ್ಪ್ರಿಂಗಿಗಿಂತ ಮೊದಲು ಡ್ಯಾಂಪರಿಗೆ ಹಾಕಬೇಕೆಂದು ನಾವು ಹೇಳುತ್ತೇವೆ. ಗ್ಯಾರೇಜಿನವರ ಬಾಯಲ್ಲಿ ಸವೆದು ಶಾಕಪ್ಸರ್ ಆಗಿರುವ ಶಾಕ್ ಅಬ್ಸಾರ್ಬರ್ ಇದೇ. ಹೆಸರೇ ದಾರಿ ತಪ್ಪಿಸುವಂಥದು: ಏಟನ್ನು ನುಂಗುವುದು ಸ್ಪ್ರಿಂಗು, ನುಂಗಿದ ಮೇಲಿನ ತೂಗಾಟವನ್ನು ಎಣ್ಣೆಯ ಬಿಸಿಯಾಗಿ ಕರಗಿಸುವುದು ಡ್ಯಾಂಪರು. ಟ್ರ್ಯಾಕಿನಲ್ಲಿ ಇಪ್ಪತ್ತು ನಿಮಿಷ ಬಿಡದೆ ಓಡಿದರೆ ಎಣ್ಣೆ ಕಾದು, ನೊರೆಗಟ್ಟಿ, ಬಲ ಕಳೆದುಕೊಳ್ಳುತ್ತದೆ. ಒಂಟಿ ಕೊಳವೆಯ ಮಾದರಿಯಲ್ಲಿ ಎಣ್ಣೆಯನ್ನೂ ಒತ್ತಡದ ಅನಿಲವನ್ನೂ ತೇಲುವ ಪಿಸ್ಟನ್ನು ಬೇರ್ಪಡಿಸುವುದರಿಂದ ನೊರೆಯ ಕಾಟ ಕಡಿಮೆ, ಹೊರಗೋಡೆ ನೇರವಾಗಿ ಗಾಳಿಗೆ ತೆರೆದಿರುವುದರಿಂದ ತಣಿಯುವುದೂ ಬೇಗ. ಮೆತ್ತನೆಯ ಸ್ಪ್ರಿಂಗಿಗೆ ಒಳ್ಳೆಯ ಡ್ಯಾಂಪರನ್ನು ಜೋಡಿಸುವ ಹಾದಿ ಹೊಸದೇನಲ್ಲ. ಕೊಲಿನ್ ಚಾಪ್‌ಮನ್ನನ ಲೋಟಸ್ ಕಾರುಗಳು ಆ ಕಾರಣಕ್ಕೇ ಹೆಸರಾದವು. ಡ್ಯಾಂಪರಿನ ತಿರುಪನ್ನು ಗಟ್ಟಿಯ ಕಡೆಗೇ ತಿರುಗಿಸಿಡುವ ಚಟವೂ ಒಳ್ಳೆಯದಲ್ಲ. ಹಿಗ್ಗುವಾಗಿನ ತಡೆ ಮಿತಿಮೀರಿದರೆ, ಸಾಲುಗುಂಡಿಗಳ ಮೇಲೆ ಕುಸಿದ ಸ್ಪ್ರಿಂಗು ಮತ್ತೆ ಹಿಗ್ಗಲು ಪುರಸೊತ್ತಾಗದೆ ಕಾರು ಮೆಲ್ಲಮೆಲ್ಲನೆ ತನ್ನಷ್ಟಕ್ಕೆ ತಗ್ಗುತ್ತ ಹೋಗುತ್ತದೆ, ಕೊನೆಗೆ ಗುಬಟಿಗೇ ಬಂದು ಕೂರುತ್ತದೆ.

ಸಸ್ಪೆನ್ಷನ್ನಿಗೂ ಮೊದಲು ಒಳ್ಳೆಯ ಟೈರು, ಬ್ರೇಕಿನ ಪ್ಯಾಡು, ಬ್ರೇಕ್ ಎಣ್ಣೆ, ಸವೆದ ಬುಷ್‌ಗಳು. ಇವಿಷ್ಟರಿಂದಲೇ ಮೊದಲ ಎರಡು ವರ್ಷ ಕಳೆಯಬಹುದು. ಆಮೇಲೆ ಡ್ಯಾಂಪರು, ಜೊತೆಗೆ ಕಾರ್ಖಾನೆಯದಕ್ಕಿಂತ ತುಸುವೇ ಗಟ್ಟಿಯಾದ ಸ್ಪ್ರಿಂಗು. ಎತ್ತರವನ್ನು ಒಂದು ಬೆರಳಿಗಿಂತ ಹೆಚ್ಚು ಇಳಿಸಬಾರದು. ನಿಯಮದ ಪ್ರಕಾರ ವೇಗತಡೆಯ ಉಬ್ಬು 10 ಸೆಂಟಿಮೀಟರು ಎತ್ತರ, 3.7 ಮೀಟರು ಅಗಲ ಇರಬೇಕು. ನಮ್ಮ ಬಡಾವಣೆಯವರು ರಾತ್ರೋರಾತ್ರಿ ಕಟ್ಟಿಸಿಕೊಳ್ಳುವ ಉಬ್ಬುಗಳು ನಿಯಮ ಓದಿಕೊಂಡು ಹುಟ್ಟಿದವಲ್ಲ.

ಮಾರುವವರನ್ನು ಕೇಳಬೇಕಾದ ಪ್ರಶ್ನೆಗಳೂ ಇವೆ. ಸ್ಪ್ರಿಂಗಿನ ಬಿಗುಪು ಮಿಲಿಮೀಟರಿಗೆ ಎಷ್ಟು? ಡ್ಯಾಂಪರಿನ ಬಲವನ್ನು ತೋರಿಸುವ ನಕ್ಷೆ ಇದೆಯೇ? ಎರಡು ವರ್ಷದ ಮೇಲೆ ಸೀಲು ಸೋರಿದರೆ ಬಿಚ್ಚಿ ದುರಸ್ತಿ ಮಾಡುವವರು ಈ ದೇಶದಲ್ಲಿ ಇದ್ದಾರೆಯೇ? ನಮಗೆ ಮಾರಿದವರು ಮೂವತ್ತೆರಡು ಹಂತದ ಹೊಂದಾಣಿಕೆಯ ಬಗ್ಗೆ ಅರ್ಧ ಗಂಟೆ ಮಾತನಾಡಿದರು, ಈ ಮೂರರಲ್ಲಿ ಒಂದಕ್ಕೂ ಉತ್ತರ ಹೇಳಲಿಲ್ಲ. ಆ ಹಂತಗಳಲ್ಲಿ ಮೊದಲ ಇಪ್ಪತ್ತು ನಮ್ಮ ಅನುಭವಕ್ಕೆ ಬಾರಲೂ ಇಲ್ಲ.

ನಿಯಮದಿಂದಲೇ ಅನ್ನ ತಿನ್ನುವವರಾದ್ದರಿಂದ ಇದನ್ನೂ ಹೇಳಿಬಿಡಬೇಕು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮು ತಯಾರಕರು ಕೊಟ್ಟ ವಿವರಕ್ಕೆ ಹೊರತಾದ ಮಾರ್ಪಾಡನ್ನು ನಿರ್ಬಂಧಿಸುತ್ತದೆ. ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಅದನ್ನು ಕಟ್ಟುನಿಟ್ಟಾಗಿಯೇ ಎತ್ತಿಹಿಡಿದಿದೆ. ಕಾರಿನ ರೂಪವನ್ನೇ ಬದಲಿಸುವಷ್ಟು ತಗ್ಗಿಸಿಕೊಂಡು ಬೀದಿಗಿಳಿಯುವವರು ಇದನ್ನು ಓದಿಕೊಂಡಿರಲಿ, ವಿಮೆಯವರಿಗೂ ಬರೆದು ತಿಳಿಸಲಿ.

"ಹಾಗಾದರೆ ಟ್ರ್ಯಾಕಿನಲ್ಲಿ ಹಿಂದೆ ಬೀಳುತ್ತೀರಲ್ಲ" ಎಂಬುದು ಗೆಳೆಯರ ಆಕ್ಷೇಪ. ಬೀಳುತ್ತೇವೆ. ಗಟ್ಟಿ ಜೋಡಣೆಯನ್ನು ಕಿತ್ತು ಈಗಿನದನ್ನು ಹಾಕಿದ ಮೇಲೆ ನಮ್ಮ ಒಂದು ಸುತ್ತಿನ ಕಾಲ ಒಂದು ಸೆಕೆಂಡಿಗಿಂತ ತುಸು ಹೆಚ್ಚೇ ಆಗಿದೆ. ನಮಗೆ ಬಹುಮಾನವಿಲ್ಲ, ಪ್ರಾಯೋಜಕರಿಲ್ಲ. ಆ ಒಂದು ಸೆಕೆಂಡು ನಿಜಕ್ಕೂ ಬೇಕೆನ್ನುವವರು ಹಳೆಯದೊಂದು ಕಾರನ್ನು ಕೊಂಡು ಟ್ರ್ಯಾಕಿಗೆಂದೇ ಮೀಸಲಿಟ್ಟು ಸಾಗಣೆ ವಾಹನದ ಮೇಲೆ ಹೇರಿಕೊಂಡು ಬರಲಿ; ಅದು ಪ್ರಾಮಾಣಿಕವಾದ ದಾರಿ, ಅವರೊಡನೆ ನಮಗೆ ಜಗಳವಿಲ್ಲ. ಮನೆಮಂದಿಯೆಲ್ಲ ಕೂರುವ ಕಾರಿನಲ್ಲಿ ಒಬ್ಬರ ಸೆಕೆಂಡಿಗಾಗಿ ಉಳಿದವರ ಬೆನ್ನನ್ನು ತೆರುವುದಷ್ಟೇ ನಮಗೆ ಒಪ್ಪಿಗೆಯಾಗದ್ದು.

ಕಳೆದ ಮೇ ತಿಂಗಳಲ್ಲಿ ಇದೇ ಕಾರಿನಲ್ಲಿ ಅವ್ವನನ್ನು ಧಾರವಾಡಕ್ಕೆ ಬಿಟ್ಟುಬಂದೆವು. ಹೊರಡುವ ಮೊದಲು ಡ್ಯಾಂಪರಿನ ತಿರುಪನ್ನು ಟ್ರ್ಯಾಕಿನ ಗುರುತಿನಿಂದ ಮೂರು ಹಲ್ಲು ಸಡಿಲಿಸಿದ್ದೆವು. ರಾಣಿಪೇಟೆ ದಾಟುವ ಹೊತ್ತಿಗೆ ಆಕೆ ನಿದ್ದೆ ಹೋಗಿದ್ದಳು, ಆಂಬೂರಿನ ಹತ್ತಿರ ಎದ್ದು ನೀರು ಕೇಳಿದಳು. ಕಾರಿನ ಬಗ್ಗೆ ಒಂದು ಮಾತೂ ಆಡಲಿಲ್ಲ. ಎಡ ಮುಂದಿನ ಗಾಲಿಯ ಕಡೆಯಿಂದ ಮಾತ್ರ ನಿಧಾನದ ಉಬ್ಬುಗಳಲ್ಲಿ ಟಕ್ ಎಂಬ ಸದ್ದೊಂದು ಬರುತ್ತಿದೆ; ಮೇಲಿನ ಮೌಂಟಿನ ಬೇರಿಂಗು ಇರಬೇಕು, ಮುಂದಿನ ಶನಿವಾರ ಬಿಚ್ಚಿಸಿ ನೋಡಬೇಕು.