ಬದುವಿನ ಹೊಂಗೆಯನ್ನು ಕಡಿಯುವುದು ಲಾಭವೇ?

ಆಂಗ್ಲರು ‘ಇಂಡಿಯನ್ ಬೀಚ್’ ಎಂದು ಕರೆದ ಮರವು ನಮ್ಮ ಹೊಂಗೆಯೇ ಆಗಿದೆ. ಯೂರೋಪಿನ ಬೀಚ್ ಮರಕ್ಕೂ ಇದಕ್ಕೂ ಹೆಸರಿನ ಹೊರತು ಬೇರೆ ನಂಟಿಲ್ಲ. ಹೊಂಗೆಯು ತೊಗರಿ, ಹುರುಳಿಗಳ ಕುಲಕ್ಕೆ ಸೇರಿದುದು. ಬಯಲುಸೀಮೆಯಲ್ಲಿ ಹೊಲದ ಬದು, ಕೆರೆಯ ಅಂಚು, ಗುಂಡುತೋಪುಗಳಲ್ಲಿ ಇದನ್ನು ಹಿರಿಯರು ಆದರದಿಂದ ಬೆಳೆಯಿಸಿದ್ದರು. ಸೀಮೆಎಣ್ಣೆಯೂ ಅನಂತರ ವಿದ್ಯುದ್ದೀಪವೂ ಬಂದ ಮೇಲೆ ಹೊಂಗೆಯೆಣ್ಣೆಯ ದೀಪವು ಆರಿತು. ಗೊಬ್ಬರದ ಚೀಲಗಳು ಬಂದ ಮೇಲೆ ಸೊಪ್ಪನ್ನು ಕೇಳುವವರು ಕಡಿಮೆಯಾದರು. ಈಗ ನೆರಳಿನಿಂದ ಪೈರಿಗೆ ಕೇಡೆಂದು ಹೇಳಿ ಮರವನ್ನೇ ಸೌದೆಗೆ ಮಾರುವ ಜಮೀನುದಾರರು ಉಂಟು. ಇದು ಸರಿಯಾದ ಲೆಕ್ಕವಲ್ಲ.

ದಟ್ಟವಾದ ನೆರಳು ಬದುವಿನ ಪಕ್ಕದ ಸಾಲುಗಳನ್ನು ಬಡವಾಗಿಸುವುದು ನಿಜ. ಆದರೆ ಅದಕ್ಕೆ ತಕ್ಕ ಪರಿಹಾರವು ಮಚ್ಚೇ ಹೊರತು ಕೊಡಲಿಯಲ್ಲ. ನಾಟಿಗೆ ಮುಂಚೆ ರೆಂಬೆಗಳನ್ನು ಸವರಿ, ಸೊಪ್ಪನ್ನು ಕೆಸರುಗದ್ದೆಯಲ್ಲಿ ತುಳಿಯಿಸಿದರೆ ನೆರಳೂ ಕಡಿಮೆಯಾಗುವುದು, ಭೂಮಿಗೆ ಸಾರವೂ ಸೇರುವುದು. ಒಣಗಿದ ಹೊಂಗೆಯೆಲೆಯಲ್ಲಿ ನೂರಕ್ಕೆ ಸುಮಾರು 3 ಪಾಲು, ಹಿಂಡಿಯಲ್ಲಿ ಸುಮಾರು 4 ಪಾಲು ಸಾರಜನಕವಿರುವುದು. ಹಿಂಡಿಯು ಕಹಿಯಾದುದರಿಂದ ದನಗಳಿಗೆ ಹಾಕದೆ ಹೊಲಕ್ಕೇ ಹಾಕತಕ್ಕದ್ದು. ಬೀಜದಲ್ಲಿ ನೂರಕ್ಕೆ 30 ಪಾಲಿನಷ್ಟು ಎಣ್ಣೆಯುಂಟು. 2009ರಲ್ಲಿ ಕರ್ನಾಟಕ ಸರ್ಕಾರವು ಪ್ರಕಟಿಸಿದ ಜೈವಿಕ ಇಂಧನ ನೀತಿಯಲ್ಲಿ ಹೊಂಗೆಗೆ ಸ್ಥಾನ ದೊರೆತದ್ದು ಈ ಎಣ್ಣೆಯಿಂದಲೇ.

ಆದರೆ ಒಂದೇ ಮರದಿಂದ ಸೊಪ್ಪನ್ನೂ ಬೀಜವನ್ನೂ ಪೂರ್ಣವಾಗಿ ಬಯಸುವುದು ಅತ್ಯಾಶೆ. ಪ್ರತಿವರ್ಷವೂ ಸವರಿದ ಮರವು ಚೆನ್ನಾಗಿ ಕಾಯಿ ಬಿಡಲಾರದು. ಆದುದರಿಂದ ಬದುವಿನ ಮರಗಳಲ್ಲಿ ಅರ್ಧವನ್ನು ಸೊಪ್ಪಿಗೂ ಅರ್ಧವನ್ನು ಬೀಜಕ್ಕೂ ಬೇರೆಯಾಗಿ ಇಟ್ಟುಕೊಳ್ಳುವುದು ಯುಕ್ತ. ಹೊಂಗೆಯಿಂದ ಶೀಘ್ರವಾಗಿ ಹಣ ಬರುವುದೆಂದು ನಂಬಿ ಒಳ್ಳೆಯ ಹೊಲವನ್ನೆಲ್ಲ ಅದಕ್ಕೆ ಬಿಡುವುದೂ ವಿವೇಕವಲ್ಲ. ಕಾಯಿ ಕಾಣಲು ಐದಾರು ವರ್ಷಗಳಾದರೂ ಬೇಕು. ಅದರ ಸ್ಥಾನವು ಬದು, ಬಂಜರು, ತೋಪುಗಳೇ.

ಬೆಳೆಯಿಸುವ ಕ್ರಮವು ಕಷ್ಟವಾದುದಲ್ಲ. ಬೀಜದ ಮೊಳೆಯುವ ಶಕ್ತಿ ಬಹುಕಾಲ ಉಳಿಯದಾದುದರಿಂದ ಆಯಾ ವರ್ಷದ ಬೀಜವನ್ನೇ ಬಿತ್ತಬೇಕು. 15ರಿಂದ 20 ಅಡಿಗೊಂದರಂತೆ 2 ಅಡಿ ಆಳದ ಗುಣಿಗಳನ್ನು ಬೇಸಗೆಯಲ್ಲಿಯೇ ತೋಡಿ, ಮೃಗಶಿರಾ ಆರಿದ್ರಾ ಮಳೆಗಳಲ್ಲಿ ಸಸಿಗಳನ್ನು ನೆಡಬಹುದು. ಮೊದಲ ಎರಡು ಬೇಸಗೆಗಳಲ್ಲಿ ಆಡುಕುರಿಗಳಿಂದಲೂ ಬೆಂಕಿಯಿಂದಲೂ ಕಾಪಾಡಿದರೆ ಸಾಕು. ಬೇರು ಹೊಲಕ್ಕೆ ಹರಿದುಬಂದರೆ ಬದುವಿನ ಒಳಮಗ್ಗುಲಲ್ಲಿ ಸಣ್ಣ ಕಾಲುವೆ ತೆಗೆದು ಅದನ್ನು ಕತ್ತರಿಸಬಹುದು.

ಗ್ರಾಮದ ಮುಖಂಡರು ಮನಸ್ಸು ಮಾಡಿದರೆ ಈ ಕೆಲಸವು ಊರಿನ ಕೆಲಸವಾಗುವುದು. ತೋಪಿನಲ್ಲಿ ಬಿದ್ದ ಮರಕ್ಕೆ ಪ್ರತಿಯಾಗಿ ಸಸಿ ನೆಡಿಸುವುದೂ, ಉದುರಿದ ಬೀಜವನ್ನು ಆಯ್ದುಕೊಳ್ಳಲು ಬಡವರಿಗೆ ಅಡ್ಡಿಯಿಲ್ಲದಂತೆ ಮಾಡುವುದೂ ಅವರಿಂದ ಆಗತಕ್ಕ ಉಪಕಾರ. ಸೌದೆಗೆ ಬಂದ ಹಣ ಒಂದು ಸಂತೆಗೆ ಮುಗಿಯುವುದು. ಬದುವಿನಲ್ಲಿ ನಿಂತ ಮರವು ಮಕ್ಕಳ ಕಾಲಕ್ಕೂ ಗೊಬ್ಬರವನ್ನು ಕೊಡುವುದು. ಜಮೀನುದಾರರು ಕೊಡಲಿಯನ್ನು ಎತ್ತುವ ಮುನ್ನ ಈ ಲೆಕ್ಕವನ್ನೊಮ್ಮೆ ಮಾಡಿ ನೋಡುವುದು ಒಳ್ಳೆಯದು.